ಮೆಟ್ಟಿಲಣ್ಣನ ಎಕ್ಸ್‌ಟೆನ್ಷನ್

ಆ ಚಿತ್ರ ಸಂಗ್ರಹಾಲಯವನ್ನು ಮೂರು ಜನ ತಜ್ಞರು ಮೂರು ಕಾಲದಲ್ಲಿ ಕಟ್ಟಿದ್ದರು. ಒಬ್ಬರು ಕಟ್ಟಿದ್ದನ್ನು ಇನ್ನೊಬ್ಬರು ಒಳಹೊಕ್ಕು ನೋಡಿದ ಕುರುಹು ಎಲ್ಲೂ ಇಲ್ಲ. ಮೊದಲು ಅದು ಒಬ್ಬ ಶ್ರೀಮಂತರ ಮನೆಯಾಗಿತ್ತು. ಏಳು ಕೋಣೆ, ದಪ್ಪ ಗೋಡೆ, ಒಂದು ಅಡುಗೆಮನೆ. ಅವರು ಮನೆಯನ್ನೂ ಗೋಡೆಯ ಮೇಲಿದ್ದ ಚಿತ್ರಗಳನ್ನೂ ಒಟ್ಟಿಗೆ ಊರಿಗೆ ಬರೆದುಕೊಟ್ಟು ಕಣ್ಣು ಮುಚ್ಚಿದರು. ಐವತ್ತು ವರ್ಷದ ಮೇಲೆ, ದೊಡ್ಡ ಚಿತ್ರಗಳಿಗೆ ಜಾಗ ಸಾಲದೆಂದು ಹಿಂದುಗಡೆ ಒಂದು ಉದ್ದನೆಯ ಹಾಲ್ ಎದ್ದಿತು. ಕಟ್ಟಿದವರು ಎಲ್ಲ ಲೆಕ್ಕವನ್ನೂ ಸರಿಯಾಗಿಯೇ ಹಾಕಿದ್ದರು. ಹಳೆಯ ಮನೆಯ ನೆಲ ಎಷ್ಟು ಎತ್ತರದಲ್ಲಿದೆ ಎಂಬುದೊಂದನ್ನು ಮಾತ್ರ ಕೇಳಿರಲಿಲ್ಲ. ಹೀಗಾಗಿ ಹೊಸ ಹಾಲ್ ನಾಲ್ಕು ಬೆರಳು ಮೇಲೆ ನಿಂತಿತು. ಆಮೇಲೆ ಬಂದವರು ಪಕ್ಕದಲ್ಲಿ ಮೂರು ಮಹಡಿಯ ಗುಂಡನೆಯ ಕಟ್ಟಡ ಕಟ್ಟಿದರು. ಅದಕ್ಕೆ ಒಳಗಿನಿಂದ ಬಾಗಿಲಿಡುವುದು ಮರೆತುಹೋಯಿತು. ಮೇಲಿನ ಚಿತ್ರ ನೋಡಬೇಕಾದವರು ಅಂಗಳಕ್ಕೆ ಇಳಿದು, ಬಿಸಿಲಲ್ಲಿ ಸುತ್ತಿಕೊಂಡು ಹೋಗಬೇಕು.

ಈ ನಾಲ್ಕು ಬೆರಳಿನ ಮೆಟ್ಟಿಲಿನಿಂದಲೇ ನಮ್ಮ ಕಥಾನಾಯಕರಿಗೆ ಕೆಲಸ ಸಿಕ್ಕಿದ್ದು. ಚಿತ್ರ ನೋಡುವವರು ಕಣ್ಣು ಮೇಲೆ ಇಟ್ಟುಕೊಂಡು ನಡೆಯುತ್ತಾರೆ, ಅದು ಸಹಜ. ದಿನಕ್ಕೆ ಹತ್ತು ಜನ ಮುಗ್ಗರಿಸುತ್ತಿದ್ದರು. 'ಮೆಟ್ಟಿಲಿದೆ' ಎಂದು ಒಂದು ಬೋರ್ಡು ಹಾಕಿದರು. ಬೋರ್ಡು ಓದುತ್ತ ಬಂದ ದೊಡ್ಡ ಅಧಿಕಾರಿಯೊಬ್ಬರು ಮುಗ್ಗರಿಸಿದ ಮೇಲೆ ಬೋರ್ಡನ್ನು ತೆಗೆದು ಒಬ್ಬ ಮನುಷ್ಯನನ್ನು ಹಾಕಿದರು. ಮೂವತ್ತನಾಲ್ಕು ವರ್ಷ ಆ ಮನುಷ್ಯ ಅಲ್ಲಿ ನಿಂತು "ಮೆಟ್ಟಿಲಿದೆ, ನೋಡ್ಕೊಂಡು ಬನ್ನಿ" ಎಂದು ಹೇಳಿದರು. ಹೆತ್ತವರು ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಷ್ಟೇ ಉಳಿಯಿತು. ಊರಿಗೆಲ್ಲ ಅವರು ಮೆಟ್ಟಿಲಣ್ಣ.

ಮೆಟ್ಟಿಲಣ್ಣನಿಗೆ ನಿವೃತ್ತಿಗೆ ಇನ್ನು ಮೂರು ವಾರ ಉಳಿದಿತ್ತು. ಮನೆಯಲ್ಲಿ ಕೂತು ಏನು ಮಾಡುವುದೆಂದು ನೆನೆದರೆ ಕೈಕಾಲು ತಣ್ಣಗಾಗುತ್ತಿತ್ತು. ಸೇವೆಯನ್ನು ಎರಡು ವರ್ಷ ಮುಂದುವರಿಸಬೇಕೆಂದು ಅವರು ಅರ್ಜಿ ಕೊಟ್ಟಿದ್ದರು. ಕಚೇರಿಯ ಭಾಷೆಯಲ್ಲಿ ಅದಕ್ಕೆ ಎಕ್ಸ್‌ಟೆನ್ಷನ್ ಎನ್ನುತ್ತಾರೆ. ಕಟ್ಟಡವನ್ನು ಬೆಳೆಸುವುದಕ್ಕೂ ಅದೇ ಕಚೇರಿಯಲ್ಲಿ ಅದೇ ಪದ. ಇಷ್ಟು ತಿಳಿದರೆ ಓದುಗರಿಗೆ ಮುಂದಿನ ಅನಾಹುತದ ವಾಸನೆ ಬಡಿಯಬಹುದು. ಮೆಟ್ಟಿಲಣ್ಣನಿಗೆ ಬಡಿಯಲಿಲ್ಲ.

ಒಂದು ಬೆಳಗ್ಗೆ ಅವರು ಹೆಡ್ ಕ್ಲರ್ಕ್ ಕೋಣೆಯ ಹೊರಗೆ ಹಾಜರಿ ಹಾಕಲು ನಿಂತಿದ್ದರು. ಒಳಗೆ ಹೆಡ್ ಕ್ಲರ್ಕ್ ಫೋನಿನಲ್ಲಿ ಮಾತಾಡುತ್ತಿದ್ದರು.

"ಹೌದು ಸಾರ್, ಎಕ್ಸ್‌ಟೆನ್ಷನ್ ಸ್ಯಾಂಕ್ಷನ್ ಆಗಿ ಬಂದಿದೆ. ಎರಡು ವರ್ಷ. ಹಳೇದನ್ನ ತೆಗೆಯೋ ಹಾಗಿಲ್ಲ ಅಂತ ಸ್ಪಷ್ಟವಾಗಿ ಬರೆದಿದ್ದಾರೆ. ನಿಜ ಸಾರ್, ನೋಡೋಕೆ ಹಾಗಿದ್ರೂ ಜನಕ್ಕೆ ಅದರ ಮೇಲೇ ಪ್ರೀತಿ."

ಮೆಟ್ಟಿಲಣ್ಣನ ಕಿವಿ ನೆಟ್ಟಗಾಯಿತು. ತನ್ನನ್ನು 'ಹಳೇದು' ಎಂದದ್ದಕ್ಕೆ ಅವರು ಬೇಸರಪಡಲಿಲ್ಲ. 'ಡ್ರೈವರ್ ಬಂತಾ', 'ಆ ಟೈಪಿಸ್ಟ್ ಎಲ್ಲಿ ಹೋಯ್ತು' ಎಂದು ಮನುಷ್ಯರನ್ನೆಲ್ಲ ವಸ್ತುಗಳ ಸಾಲಿಗೆ ಸೇರಿಸಿ ಮಾತಾಡುವುದು ಆ ಕಚೇರಿಯ ರೂಢಿ. ಒಳಗೆ ಹೋಗಿ ವಿನಯದಿಂದ ಕೈಕಟ್ಟಿ ನಿಂತರು.

"ಸಾರ್, ಎಕ್ಸ್‌ಟೆನ್ಷನ್ ವಿಷಯ ಕಿವಿಗೆ ಬಿತ್ತು."

"ಓ, ಗೊತ್ತಾಯ್ತಾ? ಒಳ್ಳೇದಾಯ್ತು. ಎಲ್ಲರಿಗೂ ಹೇಳ್ರಿ, ಮುಚ್ಚಿಡೋವಂಥದ್ದು ಏನಿದೆ?"

"ಆರ್ಡರಿನ ಒಂದು ಕಾಪಿ ಸಿಕ್ಕಿದ್ರೆ…"

"ನಿಮಗ್ಯಾಕ್ರಿ ಕಾಪಿ? ನಲವತ್ತು ಪುಟ ಇದೆ."

ತನ್ನ ಬಗ್ಗೆ ಸರ್ಕಾರ ನಲವತ್ತು ಪುಟ ಬರೆದಿದೆ ಎಂದು ಕೇಳಿ ಮೆಟ್ಟಿಲಣ್ಣನ ಕಣ್ಣು ತುಂಬಿ ಬಂತು. ಎಲ್ಲರಿಗೂ ಹೇಳಿ ಎಂಬ ಅಪ್ಪಣೆಯೂ ಸಿಕ್ಕಿದ್ದರಿಂದ ಅವರು ಅದನ್ನು ಚಾಚೂ ತಪ್ಪದೆ ಪಾಲಿಸಿದರು.

ಮನೆಯಲ್ಲಿ ಹೆಂಡತಿ ಸುದ್ದಿ ಕೇಳಿ "ಹೋಗ್ಲಿ ಬಿಡಿ, ನಿಮ್ಮ ಮನಸ್ಸಿನಂತೆ ಆಯ್ತಲ್ಲ" ಎಂದಳು. ಅಷ್ಟಕ್ಕೇ ಬಿಟ್ಟಿದ್ದರೆ ಎಲ್ಲವೂ ಮನೆಯೊಳಗೇ ಮುಗಿಯುತ್ತಿತ್ತು. ಆದರೆ ಅಲ್ಲಿ ಹೆಂಡತಿಯ ತಮ್ಮನಿದ್ದ. ಈ ಬಾಮೈದ ವಿಮೆ ಮಾರುವವನು. ಒಂದು ಸುದ್ದಿ ಅವನ ಬಾಯಿಗೆ ಬಿದ್ದರೆ ಬೀದಿಯ ಎರಡೂ ತುದಿ ಮುಟ್ಟಿ ಬರುವವರೆಗೆ ನಿಲ್ಲುವುದಿಲ್ಲ. ಸಂಜೆಯ ಹೊತ್ತಿಗೆ ಪಕ್ಕದ ಮನೆಯ ಮೇಷ್ಟ್ರು ಕಾಂಪೌಂಡಿನ ಮೇಲೆ ಮೊಣಕೈ ಊರಿ ನಿಂತಿದ್ದರು. ಅವರು ನಿವೃತ್ತರಾಗಿ ಆರು ವರ್ಷ. ಅವರಿಗೆ ಎಕ್ಸ್‌ಟೆನ್ಷನ್ ಸಿಕ್ಕಿರಲಿಲ್ಲ.

"ಯಾರ ಕೈಲಿ ಹೇಳಿಸಿದ್ರಿ?" ಎಂದು ಮೇಷ್ಟ್ರು ಮೆಲ್ಲಗೆ ಕೇಳಿದರು.

"ಯಾರ ಕೈಲೂ ಇಲ್ಲ ಮೇಷ್ಟ್ರೇ. ಅವರಾಗೇ ಬರೆದಿದ್ದಾರೆ. ತೆಗೆಯೋ ಹಾಗಿಲ್ಲ ಅಂತ."

"ಅಷ್ಟೊಂದು ಬೇಕಾ ಅವರಿಗೆ ನೀವು?"

"ನಾನು ಹೇಳ್ಕೋಬಾರದು. ನಾನಿಲ್ಲ ಅಂದ್ರೆ ಜನ ಬೀಳ್ತಾರೆ."

ಇದರಲ್ಲಿ ಸುಳ್ಳೇನೂ ಇರಲಿಲ್ಲ. ಮೇಷ್ಟ್ರಿಗೆ ಮಾತ್ರ ಆ ರಾತ್ರಿ ಊಟ ಸೇರಲಿಲ್ಲವೆಂದು ಅವರ ಮನೆಯವರು ಆಮೇಲೆ ಹೇಳಿದರು.

ಮರುದಿನ ಒಬ್ಬ ಇಂಜಿನಿಯರ್ ಸಣ್ಣ ಸುತ್ತಿಗೆ ಹಿಡಿದು ಬಂದು ಮೆಟ್ಟಿಲಣ್ಣ ಒರಗಿ ನಿಲ್ಲುವ ಕಂಬದ ಹತ್ತಿರ ನಿಂತರು. ಜೊತೆಗೆ ಬರೆದುಕೊಳ್ಳಲು ಒಬ್ಬ ಸಹಾಯಕರು. ಎಕ್ಸ್‌ಟೆನ್ಷನ್ ಕೊಡುವ ಮುಂಚೆ ದೇಹಸ್ಥಿತಿ ಪರೀಕ್ಷೆ ಮಾಡುತ್ತಾರೆಂದು ಮೆಟ್ಟಿಲಣ್ಣ ಎಲ್ಲೋ ಕೇಳಿದ್ದರು. ಉಸಿರು ಬಿಗಿಹಿಡಿದು ಎದೆ ಸೆಟೆಸಿ ನಿಂತರು.

"ಬುಡ ಗಟ್ಟಿ ಇದೆ," ಎಂದರು ಇಂಜಿನಿಯರ್. "ನಡು ಸ್ವಲ್ಪ ಬಾಗಿದೆ."

ಮೆಟ್ಟಿಲಣ್ಣ ಬೆನ್ನನ್ನು ಇನ್ನಷ್ಟು ನೆಟ್ಟಗೆ ಮಾಡಿದರು.

"ಎಲ್ಲಿಂದಲೋ ನೀರು ಸೋರ್ತಿದೆ."

ಮೆಟ್ಟಿಲಣ್ಣನಿಗೆ ಎರಡು ದಿನದಿಂದ ನೆಗಡಿ. ಮೂಗು ಒರೆಸಿಕೊಂಡರು.

"ವಯಸ್ಸು ನೋಡಿದ್ರೆ ಪರವಾಗಿಲ್ಲ. ಮೇಲೊಂದಿಷ್ಟು ಬಣ್ಣ ಕಾಣಿಸಿದ್ರೆ ಹೊಸದರ ಜೊತೆ ಹೊಂದ್ಕೊಳ್ಳುತ್ತೆ" ಎಂದು ಇಂಜಿನಿಯರ್ ಮುಂದಿನ ಕಂಬಕ್ಕೆ ಹೋದರು.

ಮರುದಿನ ಮೆಟ್ಟಿಲಣ್ಣ ಕೂದಲಿಗೆ ಬಣ್ಣ ಹಾಕಿಸಿಕೊಂಡು ಬಂದರು. ಕ್ಷೌರಿಕನ ಕೈ ಸ್ವಲ್ಪ ಧಾರಾಳವಾಗಿ, ಕಿವಿಯ ತುದಿಯೂ ಕಪ್ಪಾಗಿತ್ತು.

ಇಲ್ಲಿಯವರೆಗೆ ಆದದ್ದೆಲ್ಲ ನಗುವ ಮಾತು. ಇದೇ ವಾರದಲ್ಲಿ ನಗಲಾಗದ ಒಂದು ಸಂಗತಿಯೂ ನಡೆಯಿತು. ಗುಂಡು ಕಟ್ಟಡದ ಮೂರನೇ ಮಹಡಿಯಲ್ಲಿ ಎಂಟು ವರ್ಷದಿಂದ ಒಬ್ಬಾಕೆ ದಿನಗೂಲಿಯ ಮೇಲೆ ಕಾವಲು ಕೂರುತ್ತಿದ್ದಳು. ಕಚೇರಿಯಲ್ಲೆಲ್ಲ ಅವಳನ್ನು ಮಹಡಿ ತಂಗಿ ಎಂದೇ ಕರೆಯುತ್ತಿದ್ದರು. ಮೆಟ್ಟಿಲಣ್ಣ ನಿವೃತ್ತರಾದರೆ ಆ ಕಾಯಂ ಜಾಗ ಅವಳಿಗೆ ಬರಬೇಕಿತ್ತು. ಅವಳ ಮಗಳ ಶಾಲೆ ಸಂಗ್ರಹಾಲಯದ ಹಿಂದಿನ ಗೋಡೆಗೇ ಅಂಟಿಕೊಂಡಿತ್ತು. ಮಧ್ಯಾಹ್ನದ ಗಂಟೆ ಹೊಡೆದರೆ ಮಗು ಅಂಗಳಕ್ಕೆ ಬಂದು ಅಮ್ಮನ ಜೊತೆ ಊಟ ಮಾಡುತ್ತಿತ್ತು. ಶನಿವಾರ ಅವಳು ಒಂದು ಕಾಗದ ಹಿಡಿದುಕೊಂಡು ಕೆಳಗಿಳಿದು ಬಂದಳು.

"ಅಣ್ಣ, ನಿಮಗೆ ಎಕ್ಸ್‌ಟೆನ್ಷನ್ ಆಗಿದ್ದು ನಿಜಾನಾ?"

"ನಿಜ ಕಣಮ್ಮ. ನಲವತ್ತು ಪುಟದ ಆರ್ಡರು."

"ಊರಾಚೆ ಉಗ್ರಾಣದಲ್ಲಿ ಒಂದು ಕಾಯಂ ಜಾಗ ಇದೆಯಂತೆ. ಎರಡು ಬಸ್ ಹತ್ತಬೇಕು. ಒಪ್ಕೊಂಡು ಬರ್ಕೊಟ್ರೆ ಇಲ್ಲಿಯ ಜಾಗದ ಮೇಲೆ ಹಕ್ಕು ಹೋಗುತ್ತೆ. ಇವತ್ತೇ ಕೊನೇ ದಿನ ಅಂತಿದ್ದಾರೆ. ನೀವು ಇನ್ನೆರಡು ವರ್ಷ ಇರ್ತೀರಿ ಅನ್ನೋದಾದ್ರೆ ನಾನು ಕಾಯೋಕಾಗಲ್ಲ ಅಣ್ಣ."

ಮೆಟ್ಟಿಲಣ್ಣನಿಗೆ ನಿಜವಾಗಿಯೂ ಮರುಕವಾಯಿತು. ಆ ಮರುಕದಲ್ಲಿ ಜಂಬವೂ ಸ್ವಲ್ಪ ಬೆರೆತಿತ್ತು ಎನ್ನದೆ ವಿಧಿಯಿಲ್ಲ. "ಏನು ಮಾಡೋದು ತಂಗಿ, ನಾನು ಬೇಡ ಅಂದ್ರೂ ಅವರು ಬಿಡ್ತಿಲ್ಲ. ಉಗ್ರಾಣಾನೂ ಒಳ್ಳೇ ಜಾಗವೇ. ನೆರಳಿರುತ್ತೆ" ಎಂದರು. ಅವಳು ಅವರ ಕಂಬಕ್ಕೇ ಕಾಗದ ಒತ್ತಿಹಿಡಿದು ಸಹಿ ಹಾಕಿದಳು. ಡೈರೆಕ್ಟರು ಪ್ರವಾಸದಲ್ಲಿದ್ದರು. ಶುಕ್ರವಾರ ಬಂದು ಅವರೂ ಸಹಿ ಹಾಕಿದರೆ ಕೆಲಸ ಮುಗಿದಂತೆ.

ಸೋಮವಾರ ಬೆಳಗ್ಗೆ ನಾಲ್ಕು ಜನ ಸೇರಿ ಒಂದು ಗಾಜಿನ ಪೆಟ್ಟಿಗೆಯನ್ನು ಹೊತ್ತು ತಂದು ಹಳೆಯ ಮನೆಯ ಮೊದಲ ಕೋಣೆಯಲ್ಲಿಟ್ಟರು. ಒಳಗೆ ಸಂಗ್ರಹಾಲಯದ ಪುಟ್ಟ ಮಾದರಿ ಇತ್ತು. ಹಳೆಯ ಮನೆ, ಉದ್ದನೆಯ ಹಾಲ್, ಗುಂಡು ಕಟ್ಟಡ, ಮೂರನ್ನೂ ತೋಳಲ್ಲಿ ತಬ್ಬಿಕೊಂಡಂತೆ ಬೆಳ್ಳಗಿನ ಒಂದು ಹೊಸ ಕಟ್ಟಡ. ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ 'ಎಕ್ಸ್‌ಟೆನ್ಷನ್' ಎಂದು ಬರೆದಿತ್ತು. ಕೆಳಗೆ 'ಅವಧಿ: ಎರಡು ವರ್ಷ'.

ಮೆಟ್ಟಿಲಣ್ಣ ಆ ಎರಡು ಸಾಲನ್ನು ಬಹಳ ಹೊತ್ತು ಓದಿದರು. ಪೆಟ್ಟಿಗೆಯ ಪಕ್ಕದಲ್ಲಿ ಅದರ ವಾಸ್ತುಶಿಲ್ಪಿ ನಿಂತಿದ್ದಳು. ದಪ್ಪ ಕನ್ನಡಕದ, ಚುರುಕು ಮಾತಿನ ಹೆಣ್ಣುಮಗಳು. ಮಾದರಿಯೊಳಗೆ ಕಡ್ಡಿಯಷ್ಟು ಸಣ್ಣ ಬಿಳಿ ಮನುಷ್ಯರನ್ನು ಅಲ್ಲಲ್ಲಿ ನಿಲ್ಲಿಸಿದ್ದರು.

"ಇದರಲ್ಲಿ ನಾನು ಎಲ್ಲಿ ನಿಂತಿರ್ತೀನಿ, ಮೇಡಂ?" ಎಂದು ಮೆಟ್ಟಿಲಣ್ಣ ಕೇಳಿದರು.

"ನೀವು ಆ ಮೆಟ್ಟಿಲ ಹತ್ತಿರ ಇರೋರಲ್ವಾ? ನೋಡಿ, ಇಲ್ಲಿ ನೆಲ ಎಲ್ಲಾ ಒಂದೇ ಮಟ್ಟಕ್ಕೆ ತಂದಿದೀವಿ. ಇನ್ನು ಮೇಲೆ ಅಲ್ಲಿ ಯಾರೂ ನಿಲ್ಲೋದೇ ಬೇಡ. ಬೇರೆ ಕೋಣೆಗಳಲ್ಲಿ ಕಾವಲಿನವರು ಆರಾಮಾಗಿ ಕೂತ್ಕೋಬಹುದು."

ಅವಳು ಅದನ್ನು ಸಂತೋಷದಿಂದಲೇ ಹೇಳಿದಳು. ಮೆಟ್ಟಿಲಣ್ಣ ತಡವರಿಸುತ್ತ ಹೆಡ್ ಕ್ಲರ್ಕ್ ಹತ್ತಿರ ಹೋದರು. "ನಿಮ್ಮ ಅರ್ಜಿನಾ? ಅದು ಆಗಲ್ಲ ಅಂತ ಹೋದ ತಿಂಗಳೇ ವಾಪಸ್ ಬಂತಲ್ರಿ" ಎಂದರು ಹೆಡ್ ಕ್ಲರ್ಕ್. "ನಿಮ್ಮ ಫೈಲಿಗೆ ಸೇರಿಸಿದೀನಿ. ಹೇಳಿರ್ಲಿಲ್ವಾ? ನೀವು ಇಷ್ಟು ಕಳೆಯಾಗಿ ಓಡಾಡ್ತಿದ್ದದ್ದು ನೋಡಿ, ರಿಟೈರ್ ಆಗ್ತಿರೋ ಖುಷಿ ಇರಬೇಕು ಅಂದ್ಕೊಂಡೆ. ತಲೆಗೆ ಬಣ್ಣ ಬೇರೆ ಹಾಕಿಸಿದೀರಿ."

ನೆಲ ಬಾಯಿ ಬಿಟ್ಟು ನುಂಗಬಾರದೇ ಎನ್ನಿಸುವುದು ಎಂದರೆ ಏನೆಂದು ಮೆಟ್ಟಿಲಣ್ಣನಿಗೆ ಆ ದಿನ ತಿಳಿಯಿತು. ನಾಚಿಕೆ ಮುಖಕ್ಕೆ ಬಂದು, ಅಲ್ಲಿಂದ ಕಪ್ಪು ಕಿವಿಗೆ ಏರಿ, ಮೈಯೆಲ್ಲ ಹಬ್ಬಿತು. ಬೀದಿಗೆಲ್ಲ ಹೇಳಿಯಾಗಿತ್ತು. ಮೇಷ್ಟ್ರಿಗಂತೂ ಮೂರು ಸಲ ಹೇಳಿಯಾಗಿತ್ತು. ಈಗ ಹೋಗಿ ಅದು ನನಗಲ್ಲ, ಗೋಡೆಗೆ ಸಿಕ್ಕಿದ್ದು ಎನ್ನುವುದು ಹೇಗೆ? ಇಂದು ಬೇಡ, ನಾಳೆ ಹೇಳೋಣ ಎಂದುಕೊಂಡರು. ಶುಕ್ರವಾರದವರೆಗಿನ ಆ ನಾಲ್ಕು ದಿನಗಳ ಬಗ್ಗೆ ಹೆಚ್ಚು ಹೇಳದಿರುವುದೇ ಒಳ್ಳೆಯದು. ಮೆಟ್ಟಿಲಣ್ಣನ ಮೇಲೆ ನಮಗೂ ಒಂದಿಷ್ಟು ಅಭಿಮಾನವಿದೆ.

ಒಂದನ್ನು ಮಾತ್ರ ಹೇಳಲೇಬೇಕು. ಸಿಬ್ಬಂದಿಗೆಲ್ಲ ಆಮಂತ್ರಣ ಪತ್ರಿಕೆ ಹಂಚಿದ್ದರು. ಮೆಟ್ಟಿಲಣ್ಣ ತಮ್ಮದನ್ನು ಊಟದ ಡಬ್ಬಿಯ ಅಡಿಗೆ ತುರುಕಿದ್ದರು. ಡಬ್ಬಿ ತೊಳೆಯಲು ತೆಗೆದ ಹೆಂಡತಿ ಪತ್ರಿಕೆ ಓದಿದಳು. 'ಬಹುದಿನಗಳಿಂದ ಎಲ್ಲರೂ ಎದುರುನೋಡುತ್ತಿದ್ದ ಎಕ್ಸ್‌ಟೆನ್ಷನ್ ಸಮಾರಂಭಕ್ಕೆ ಸಕುಟುಂಬ ಬನ್ನಿ' ಎಂದಿತ್ತು.

"ರೀ, ಇಷ್ಟು ದೊಡ್ಡದಾಗಿ ಮಾಡ್ತಿದ್ದಾರೆ, ನಮಗೊಂದು ಮಾತು ಹೇಳಬಾರದಾ? ಮಂತ್ರಿಗಳು ಬೇರೆ ಬರ್ತಿದ್ದಾರೆ."

ಮೆಟ್ಟಿಲಣ್ಣ ಬಾಯಿ ತೆರೆದರು. ಅಷ್ಟರಲ್ಲಿ ಬಾಮೈದ ಪತ್ರಿಕೆಯನ್ನು ಕಸಿದುಕೊಂಡು ಮೇಷ್ಟ್ರ ಮನೆಯ ಕಡೆ ಹೊರಟಿದ್ದ. ಮೆಟ್ಟಿಲಣ್ಣ ಬಾಯಿ ಮುಚ್ಚಿದರು.

ಶುಕ್ರವಾರ ಸಂಗ್ರಹಾಲಯದ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಬಾಮೈದ ಅಕ್ಕನನ್ನೂ ಮೇಷ್ಟ್ರನ್ನೂ ಬೀದಿಯ ಇನ್ನೂ ಒಂಬತ್ತು ಜನರನ್ನೂ ಕರೆತಂದು ಎರಡನೆಯ ಸಾಲಿನಲ್ಲಿ ಕೂರಿಸಿದ. ತಾನೊಂದು ದೊಡ್ಡ ಹೂಗುಚ್ಛ ಹಿಡಿದು ಕೂತ. ಮೆಟ್ಟಿಲಣ್ಣ ಶಾಮಿಯಾನದ ಕಂಬವೊಂದರ ಹಿಂದೆ ನಿಂತಿದ್ದರು. ಆ ಕಂಬ ಅವರನ್ನು ಮುಚ್ಚುವಷ್ಟು ದಪ್ಪವಿರಲಿಲ್ಲ.

ಮಂತ್ರಿಗಳು ಎದ್ದು ಮಾತಾಡಿದರು. "ಇಷ್ಟು ವರ್ಷ ಇದು ಅಲುಗಾಡದೆ ನಿಂತಿದೆ. ಕೆಲವರು ಇದನ್ನ ತೆಗೆದುಹಾಕಿ ಅಂದ್ರು. ನಾವು ಒಪ್ಪಲಿಲ್ಲ. ಹಳೇದಾದ್ರೇನಂತೆ, ಇದು ನಮ್ಮ ಹೆಮ್ಮೆ ಅಂದ್ವಿ." ಎರಡನೆಯ ಸಾಲಿನವರು ಹನ್ನೆರಡೂ ಜನ ಚಪ್ಪಾಳೆ ತಟ್ಟಿದರು. ಹೆಂಡತಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಮೇಷ್ಟ್ರು ಕೂಡ ಹೊಟ್ಟೆಕಿಚ್ಚನ್ನು ನುಂಗಿಕೊಂಡು ತಲೆದೂಗಿದರು. ಇಷ್ಟು ಮನಸ್ಸಿಟ್ಟು ಕೇಳುವ ಜನರನ್ನು ಮಂತ್ರಿಗಳು ಎಲ್ಲೂ ಕಂಡಿರಲಿಲ್ಲವೆಂದು ತೋರುತ್ತದೆ. ಹದಿನೈದು ನಿಮಿಷದ ಭಾಷಣ ನಲವತ್ತು ನಿಮಿಷವಾಯಿತು.

ಆ ಹೊತ್ತಿನಲ್ಲಿ ವೇದಿಕೆಯ ಮೂಲೆಯಲ್ಲಿ ಹೆಡ್ ಕ್ಲರ್ಕ್ ಡೈರೆಕ್ಟರ ತೊಡೆಯ ಮೇಲೆ ಒಂದು ಫೋಲ್ಡರ್ ಇಟ್ಟರು. ವಾರದಿಂದ ಊರಲ್ಲಿರದ ಡೈರೆಕ್ಟರು ಭಾಷಣ ಕೇಳುವ ಮುಖಭಾವ ಇಟ್ಟುಕೊಂಡೇ ಪೆನ್ನಿನ ಮುಚ್ಚಳ ತೆಗೆದು, ಒಂದೊಂದೇ ಹಾಳೆಗೆ ಸಹಿ ಹಾಕತೊಡಗಿದರು. ಮೆಟ್ಟಿಲಣ್ಣ ಅದನ್ನು ಕಂಡರು. ಮಹಡಿ ತಂಗಿಯ ಕಾಗದ ಅದರೊಳಗಿದೆ ಎಂದು ಅವರಿಗೆ ಗೊತ್ತಿತ್ತು.

"ಸಾರ್ವಜನಿಕರ ಪರವಾಗಿ ಯಾರಾದರೂ ಎರಡು ಮಾತು" ಎಂದು ನಿರೂಪಕರು ಹೇಳಿ ಮುಗಿಸುವುದರೊಳಗೆ ಬಾಮೈದ ವೇದಿಕೆಯ ಮೇಲಿದ್ದ.

"ಮಂತ್ರಿಗಳು ಅಷ್ಟೆಲ್ಲಾ ಹೇಳಿದ್ರು, ಆದ್ರೆ ಸಂಕೋಚದಿಂದ ಹೆಸರು ಮಾತ್ರ ಹೇಳಲಿಲ್ಲ," ಎಂದ ಬಾಮೈದ. "ಮೂವತ್ತನಾಲ್ಕು ವರ್ಷದಿಂದ ಅಲುಗಾಡದೆ ನಿಂತಿರೋದು ನಮ್ಮ ಭಾವ. ಅವರಿಗೆ ಎಕ್ಸ್‌ಟೆನ್ಷನ್ ಕೊಡೋಕೆ ಸರ್ಕಾರ ಶಾಮಿಯಾನ ಹಾಕಿಸಿದೆ ಅಂದ್ರೆ, ನಮ್ಮ ಮನೆತನಕ್ಕೆ ಇದಕ್ಕಿಂತ ದೊಡ್ಡದು ಇನ್ನೇನು ಬೇಕು? ಭಾವ, ಬನ್ನಿ ಮೇಲೆ."

ಮಂತ್ರಿಗಳು ಡೈರೆಕ್ಟರ ಕಡೆ ನೋಡಿದರು. ಡೈರೆಕ್ಟರು ಹೆಡ್ ಕ್ಲರ್ಕ್ ಕಡೆ ನೋಡಿದರು. ಹೆಡ್ ಕ್ಲರ್ಕ್ ನೋಡಲು ಇನ್ನಾರೂ ಉಳಿಯದೆ ಹಾಳೆ ತಿರುಗಿಸಿದರು. ಡೈರೆಕ್ಟರು ಅಭ್ಯಾಸಬಲದಿಂದ ಮತ್ತೆ ಪೆನ್ನು ಇಳಿಸಿದರು.

ಮೆಟ್ಟಿಲಣ್ಣ ಹೇಗೆ ಮೇಲೆ ಹತ್ತಿದರೋ ಅವರಿಗೇ ತಿಳಿಯದು. ಬಾಮೈದ ಹೂಗುಚ್ಛವನ್ನು ಅವರ ಕೈಗೆ ತುರುಕಿದ. ಅವರು ಅದನ್ನು ಅವನಿಗೇ ವಾಪಸ್ ಕೊಟ್ಟು ಮೈಕು ತೆಗೆದುಕೊಂಡರು.

"ಎಕ್ಸ್‌ಟೆನ್ಷನ್ ಸಿಕ್ಕಿರೋದು ಈ ಕಟ್ಟಡಕ್ಕೆ," ಎಂದರು. "ನನಗಲ್ಲ. ನಾನು ಈ ತಿಂಗಳ ಕೊನೆಗೆ ರಿಟೈರು. ನಾನು ತಪ್ಪು ತಿಳ್ಕೊಂಡು ಊರಿಗೆಲ್ಲಾ ಹೇಳ್ಕೊಂಡು ಬಂದೆ. ಡೈರೆಕ್ಟರ್ ಸಾರ್, ಆ ಫೋಲ್ಡರಲ್ಲಿ ಮಹಡಿ ತಂಗಿ ಕಾಗದ ಇದೆ. ದಯವಿಟ್ಟು ಸಹಿ ಹಾಕಬೇಡಿ. ನನ್ನ ಮಾತು ನಂಬಿ ಬರ್ಕೊಟ್ಟಿದ್ದಾಳೆ."

ಹಿಂದೆ ಯಾರೋ ಒಬ್ಬರು ಕಿಸಕ್ಕೆಂದರು. ಆಮೇಲೆ ಶಾಮಿಯಾನವೇ ನಕ್ಕಿತು. ಇದೂ ಕಾರ್ಯಕ್ರಮದ ಒಂದು ಭಾಗವೆಂದು ತಿಳಿದ ಮಂತ್ರಿಗಳು ಚಪ್ಪಾಳೆ ತಟ್ಟಿದರು. ನಗದೆ ಕೂತದ್ದು ಎರಡನೆಯ ಸಾಲು ಮಾತ್ರ.

ಡೈರೆಕ್ಟರು ಕೈಯಲ್ಲಿದ್ದ ಹಾಳೆ ನೋಡಿದರು. "ಅರ್ಧ ಹಾಕ್ಬಿಟ್ಟಿದೀನಲ್ಲ."

"ಅರ್ಧ ಸಹಿ ಲೆಕ್ಕಕ್ಕಿಲ್ಲ ಸಾರ್," ಎಂದರು ಹೆಡ್ ಕ್ಲರ್ಕ್. "ಆದರೆ ವಾಪಸ್ ತಗೊಳ್ಳೋಕೆ ಕಾರಣ ಬೇಕು. ಬರವಣಿಗೇಲಿ."

ಜನ ತಿಂಡಿಯ ಮೇಜಿನ ಕಡೆ ಸರಿದರು. ಮೇಷ್ಟ್ರು ಬಂದು ಮೆಟ್ಟಿಲಣ್ಣನ ಹೆಗಲ ಮೇಲೆ ಕೈಯಿಟ್ಟರು. ಆರು ವರ್ಷದಲ್ಲಿ ಅವರು ಅಷ್ಟು ಪ್ರೀತಿಯಿಂದ ಮಾತಾಡಿದ್ದೇ ಇಲ್ಲ. "ಮುಂದಿನ ತಿಂಗಳಿಂದ ನನ್ನ ಜೊತೆ ವಾಕಿಂಗಿಗೆ ಬನ್ನಿ. ಮೊದಮೊದಲು ಕಷ್ಟ, ಆಮೇಲೆ ಅಭ್ಯಾಸ ಆಗುತ್ತೆ" ಎಂದರು. ಶಾಮಿಯಾನದ ನಗುವಿಗಿಂತ ಅದೇ ಹೆಚ್ಚು ಚುಚ್ಚಿತು. ಹೆಂಡತಿ ಗೇಟಿನ ಹತ್ತಿರ ನಿಂತು, ಕೈಚೀಲದ ಹಿಡಿಯನ್ನು ಸುತ್ತುತ್ತ ಕಾಯುತ್ತಿದ್ದಳು.

ಹೆಡ್ ಕ್ಲರ್ಕ್ ಕೋಣೆಯಲ್ಲಿ ಮೆಟ್ಟಿಲಣ್ಣ ಬೆಂಚಿನ ತುದಿಯಲ್ಲಿ ಕೂತರು. ಮಹಡಿ ತಂಗಿ ಬಾಗಿಲ ಪಕ್ಕದಲ್ಲಿ ನಿಂತಿದ್ದಳು. ಅವಳ ಮುಖ ನೋಡುವ ಧೈರ್ಯ ಅವರಿಗಿರಲಿಲ್ಲ. ಹೆಡ್ ಕ್ಲರ್ಕ್ ಬಿಳಿ ಹಾಳೆ ಮುಂದಿಟ್ಟು ಪೆನ್ನು ಹಿಡಿದರು.

"'ತಪ್ಪು ತಿಳಿವಳಿಕೆಯಿಂದ' ಅಂತ ಬರೀತೀನಿ. ಅದಿರಲಿ, ನಿಮಗೆ ವಿಷಯ ಗೊತ್ತಾಗಿದ್ದು ಸೋಮವಾರ. ನಾನೇ ಹೇಳಿದ್ದು. ಇವತ್ತು ಶುಕ್ರವಾರ. ಈ ಮಧ್ಯದ ದಿನಗಳಿಗೆ ಏನು ಬರೀಲ್ರಿ?"

ಮೆಟ್ಟಿಲಣ್ಣ ಮೂಗು ಒರೆಸಿಕೊಂಡರು.

"ಅನಾರೋಗ್ಯ ಅಂತ ಹಾಕ್ಲಾ? ನೆಗಡಿ ಇತ್ತಲ್ಲ ನಿಮಗೆ."

"ಬೇಡ ಸಾರ್. ನಾಚಿಕೆ ಅಂತ ಹಾಕಿ."

"ನಾಚಿಕೆ ಅನ್ನೋ ಕಾರಣ ಯಾವ ನಿಯಮದಲ್ಲೂ ಇಲ್ಲ."

"ಹಾಗಾದ್ರೆ ಕೊಡಿ, ನಾನೇ ಬರೀತೀನಿ."

ಅವರು ಹಾಳೆಯನ್ನು ತಮ್ಮ ಕಡೆ ಎಳೆದುಕೊಂಡು, ಗುಂಡಗುಂಡಗೆ ಬರೆದರು: 'ಸೋಮವಾರದಿಂದ ನನಗೆ ಗೊತ್ತಿತ್ತು. ಮರ್ಯಾದೆ ಹೋಗುತ್ತದೆಂದು ಹೇಳಲಿಲ್ಲ.' ಬರೆದು ತಲೆ ತಗ್ಗಿಸಿ ಕೂತರು. ಮಹಡಿ ತಂಗಿ ಹತ್ತಿರ ಬಂದು ಹಾಳೆಯ ಮೇಲೆ ಬಗ್ಗಿ ಓದಿದಳು. ಇನ್ನೊಂದು ಸಲ ಓದಿದಳು.

"ಅಣ್ಣ," ಎಂದಳು. ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಮೆಟ್ಟಿಲಣ್ಣನಿಗೆ ಎಷ್ಟೋ ಹಗುರವಾಗುತ್ತಿತ್ತು. "ಬುಧವಾರ ನಾನು ಅರ್ಧ ದಿನ ರಜಾ ಹಾಕಿ ಉಗ್ರಾಣ ನೋಡೋಕೆ ಹೋದೆ. ಅಲ್ಲಿ ಮಗಳಿಗೆ ಶಾಲೆ ಇದೆಯಾ ಅಂತ ವಿಚಾರಿಸೋಕೆ. ಹೋಗೋ ಮುಂಚೆ ನಿಮ್ಮನ್ನೇ ದಾರಿ ಕೇಳಿದ್ದೆ."

"ಹೌದಮ್ಮ, ಕೇಳಿದ್ದೆ."

"ನೀವು ಬಸ್ ನಂಬರ್ ಹೇಳಿದ್ರಿ. ಎಲ್ಲಿ ಬದಲಾಯಿಸಬೇಕು ಅಂತ ಹೇಳಿದ್ರಿ. ಎಡಗಡೆ ಸೀಟಲ್ಲಿ ಕೂತ್ಕೋ, ಬಿಸಿಲು ಬೀಳಲ್ಲ ಅಂತಾನೂ ಹೇಳಿದ್ರಿ. ಅವತ್ತೂ ಗೊತ್ತಿತ್ತಾ?"

ಹೆಡ್ ಕ್ಲರ್ಕ್ ಯಾವುದೋ ಫೈಲು ಹುಡುಕುವವರಂತೆ ಆ ಕಡೆ ತಿರುಗಿದರು.

"ಗೊತ್ತಿತ್ತು ತಂಗಿ," ಎಂದರು ಮೆಟ್ಟಿಲಣ್ಣ.

ಅವಳು ಪೆನ್ನನ್ನು ಎತ್ತಿ ಅವರ ಕೈಗೆ ಕೊಟ್ಟಳು.

"ಅದನ್ನೂ ಬರೀರಿ ಅಣ್ಣ."

ಮೆಟ್ಟಿಲಣ್ಣ ಬರೆದರು.